ಬೀನ್ಸ್ ಕೋಸಂಬರಿ ಹಸಿರಾಗೇ ಉಳಿಯಬೇಕಾ?

ಕಾಲು ಕೆಜಿ ಎಳೆ ಬೀನ್ಸ್ ತಗೊಳ್ಳಿ. ಮುರಿದರೆ ಟಕ್ ಅಂತ ಮುರೀಬೇಕು. ಬಾಗಿದರೆ, ಒಳಗೆ ಕಾಳು ಉಬ್ಬಿದ್ದರೆ ಅದು ಪಲ್ಯಕ್ಕೇ ಸರಿ. ತುದಿ, ನಾರು ತೆಗೆದು, ತೊಳೆದು, ಒಂದಿಂಚಿನ ತುಂಡು ಮಾಡಿ.

ಒಂದೂವರೆ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಚೆನ್ನಾಗಿ ಕುದಿ ಬಂದ ಮೇಲೆ ಬೀನ್ಸ್ ಹಾಕಿ. ಮುಚ್ಚಳ ಬೇಡವೇ ಬೇಡ. ಬೇಯುವಾಗ ಬಿಡುವ ಆಮ್ಲ ಹಬೆಯ ಜೊತೆ ಹೋಗಬೇಕು, ಒಳಗೇ ನಿಂತರೆ ಹಸಿರು ಮಂಕಾಗುತ್ತೆ. ಬಣ್ಣಕ್ಕೆ ಅಂತ ಸೋಡಾ ಹಾಕಬೇಡಿ, ಕಾಯಿ ಲೊಳೆಲೊಳೆ ಆಗುತ್ತೆ. ಐದಾರು ನಿಮಿಷಕ್ಕೆ ಒಂದು ತುಂಡು ಕಚ್ಚಿ ನೋಡಿ: ಹಸಿ ವಾಸನೆ ಹೋಗಿರಬೇಕು, ಹಲ್ಲಿಗೆ ಸ್ವಲ್ಪ ಸಿಗಬೇಕು. ಕೋಸಂಬರಿ ಅಂತ ಹಸಿಯಾಗಿ ಮಾತ್ರ ಹಾಕಬೇಡಿ; ಹಸಿ ಬೀನ್ಸ್‌ನಲ್ಲಿರುವ ಲೆಕ್ಟಿನ್ ಅನ್ನೋ ಪ್ರೋಟೀನ್‌ನಿಂದ ಹೊಟ್ಟೆ ಕೆಡುತ್ತೆ.

ಬಸಿದ ತಕ್ಷಣ ಐಸ್ ನೀರಿಗೆ ಹಾಕಿ, ಮೂರು ನಿಮಿಷಕ್ಕೆ ತೆಗೆದು ಬಟ್ಟೆ ಮೇಲೆ ಹರಡಿ. ಒರೆಸೋದನ್ನ ಬಿಡಬೇಡಿ. ಕೋಸಂಬರಿ ನೀರು ನೀರಾಗಿ ಸಪ್ಪೆ ಅನಿಸೋದು ಹೆಚ್ಚಾಗಿ ಒರೆಸದೇ ಇರೋದರಿಂದಲೇ.

ಒಂದು ಗಂಟೆ ನೆನೆಸಿ ಬಸಿದ ಎರಡು ಚಮಚ ಹೆಸರುಬೇಳೆ, ಮೂರು ಚಮಚ ಕಾಯಿತುರಿ, ಕೊತ್ತಂಬರಿ ಸೊಪ್ಪು ಸೇರಿಸಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಆರಿದ ಮೇಲೆ ಹಾಕಿ. ಫ್ರಿಜ್‌ನಲ್ಲಿ ಇಡೋದಾದರೆ ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬೇಡ, ಗಟ್ಟಿಯಾಗಿ ಬಿಳಿ ಬಿಳಿ ಕಾಣುತ್ತೆ.

ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಎಲೆಗೆ ಬಡಿಸೋ ಮುಂಚೆ ಅಷ್ಟೇ. ಹುಳಿ ಬಿದ್ದು ಅರ್ಧ ಗಂಟೆ ಆದರೆ ಅಷ್ಟು ಜೋಪಾನ ಮಾಡಿದ ಹಸಿರು ಕಂದುಬಣ್ಣಕ್ಕೆ ತಿರುಗುತ್ತೆ.