ಚಳಿಗಾಲದ ಜಾಕೆಟ್: ಹಿಸುಕುವ ಮೊದಲು ಒಳಮಗ್ಗುಲು ತಿರುಗಿಸಿ ನೋಡಿ

ಚಳಿ ದೇಶಕ್ಕೆ ಹೊಸದಾಗಿ ಬಂದವರು ಜಾಕೆಟ್ ಅಂಗಡಿಗೆ ಹೋದರೆ ಮೊದಲು ಮಾಡುವ ಕೆಲಸ ಜಾಕೆಟ್ಟನ್ನು ಹಿಸುಕಿ ನೋಡುವುದು. ದಿಂಬಿನಂತೆ ಉಬ್ಬಿದ್ದರೆ ಸಮಾಧಾನ, ತೆಳ್ಳಗಿದ್ದರೆ ಅನುಮಾನ. ನಾನೂ ಹಿಸುಕಿದವನೇ. ಇಲ್ಲಿ 11 ಚಳಿಗಾಲ ಕಳೆದ ಮೇಲೆ, ಹೊಸಬರ ಜೊತೆ ಅಂಗಡಿಗೆ ಹೋದಾಗಲೆಲ್ಲ ಅವರ ಕೈ ಹಿಡಿದು ಆ ಹಿಸುಕಾಟ ನಿಲ್ಲಿಸುವುದೇ ನನ್ನ ಕೆಲಸವಾಗಿದೆ.

ಮೊದಲ ವರ್ಷ ನಾನು ಕೊಂಡದ್ದು ಹಾಸಿಗೆಯಷ್ಟು ದಪ್ಪದ ಗರಿ ತುಂಬಿದ ಜಾಕೆಟ್. ಕೊರೆಯುವ ಒಣ ಚಳಿಯಲ್ಲಿ ಅದು ಚೆನ್ನಾಗಿಯೇ ಇತ್ತು. ಕೈಕೊಟ್ಟದ್ದು ಸೊನ್ನೆ ಡಿಗ್ರಿಯ ಆಸುಪಾಸಿನ ಒಂದು ಬೆಳಿಗ್ಗೆ. ಮೇಲಿನಿಂದ ಮಳೆಯೂ ಅಲ್ಲದ, ಹಿಮವೂ ಅಲ್ಲದ ರೊಜ್ಜು ಬೀಳುತ್ತಿತ್ತು. ಬಸ್ಸಿಗಾಗಿ 20 ನಿಮಿಷ ನಿಂತೆ. ಮೊದಲು ಹೆಗಲು ಕಪ್ಪಾಯಿತು, ಆಮೇಲೆ ತಣ್ಣಗಾಯಿತು. ಕಚೇರಿಯಲ್ಲಿ ಕುರ್ಚಿಯ ಬೆನ್ನಿಗೆ ನೇತುಹಾಕಿ ನೋಡಿದರೆ ಒಂದೊಂದು ಖಾನೆಯ ಗರಿಯೂ ಮುದ್ದೆಯಾಗಿ ತಳಕ್ಕೆ ಕುಸಿದಿತ್ತು, ಮೇಲೆ ಬರೀ ಎರಡು ಪದರ ಬಟ್ಟೆ. ಸಂಜೆಯವರೆಗೂ ಆರಲಿಲ್ಲ. ಒದ್ದೆ ಕೋಳಿಗೂಡಿನ ವಾಸನೆಗೆ ಪಕ್ಕದ ಮೇಜಿನವರು ಕಿಟಕಿಯ ಕಡೆಗೆ ಸರಿದರು.

ಇದರಿಂದ ನಾನು ಕಲಿತದ್ದು ಇಷ್ಟು. ಹೊಸಬರು ಹೆದರುವುದು ಮೈನಸ್ 20ಕ್ಕೆ, ತೊಂದರೆ ಕೊಡುವುದು ಸೊನ್ನೆ. ಮೈನಸ್ 20ರಲ್ಲಿ ಬೀಳುವ ಹಿಮ ಒಣಪುಡಿ, ಕೊಡವಿದರೆ ಹೋಗುತ್ತದೆ. ಸೊನ್ನೆಯಲ್ಲಿ ಬೀಳುವುದು ಮೈಮೇಲೆ ಕರಗಿ ಒಳಗಿಳಿಯುತ್ತದೆ. ಬಟ್ಟೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಗಾಳಿಯ ಜಾಗಕ್ಕೆ ನೀರು ಬಂದರೆ ದಪ್ಪವಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಹೊರಪದರ, ಆಮೇಲೆ ಲೈನಿಂಗ್, ಅಂದರೆ ಒಳಗಿನ ಬೆಚ್ಚನೆಯ ಪದರ. ಕೆಲವು ಜಾಕೆಟ್ಟುಗಳಲ್ಲಿ ಇದನ್ನು ಬಿಚ್ಚಿ ಬೇರೆ ಮಾಡಬಹುದು. ಲೈನಿಂಗ್ ತೆಳುವಾದರೆ ಒಳಗೊಂದು ಸ್ವೆಟರ್ ಹಾಕಿಕೊಳ್ಳಬಹುದು. ಸೋರುವ ಹೊರಪದರಕ್ಕೆ ಅಂಥ ಉಪಾಯವಿಲ್ಲ.

ಲೇಬಲ್ ಓದುವಾಗ ಪದಗಳ ಆಟಕ್ಕೆ ಸಿಕ್ಕಿಕೊಳ್ಳಬೇಡಿ. ‘ವಾಟರ್ ರೆಸಿಸ್ಟೆಂಟ್’, ‘ವಾಟರ್ ರಿಪೆಲೆಂಟ್’ ಎಂದರೆ ತುಂತುರನ್ನು ಸ್ವಲ್ಪ ಹೊತ್ತು ತಡೆಯುತ್ತದೆ ಎಂದಷ್ಟೇ ಅರ್ಥ. ನಿಮಗೆ ಬೇಕಾದದ್ದು ‘ವಾಟರ್‌ಪ್ರೂಫ್’, ಅದರ ಜೊತೆಗೊಂದು ಮಿಲಿಮೀಟರ್ ಲೆಕ್ಕ. 10,000 ಮಿ.ಮೀ. ಎಂದಿದ್ದರೆ, ಆ ಬಟ್ಟೆಯ ಮೇಲೆ 10 ಮೀಟರ್ ಎತ್ತರದ ನೀರಿನ ಕಂಬ ನಿಂತಷ್ಟು ಒತ್ತಡ ಬರುವವರೆಗೂ ಅದು ನೀರನ್ನು ಒಳಬಿಡಲಿಲ್ಲ ಎಂದು ಅರ್ಥ. ಮಳೆಗೆ ಇಷ್ಟೆಲ್ಲ ಏಕೆ ಎನ್ನಬೇಡಿ, ಬೆನ್ನುಚೀಲದ ಪಟ್ಟಿ ಹೆಗಲನ್ನು ಒತ್ತುವ ಕಡೆ ನೀರು ಬರಿಯ ಮಳೆಗಿಂತ ಜೋರಾಗಿ ಒಳನುಗ್ಗುತ್ತದೆ. ದಿನವೂ ಬಸ್ಸು, ರೈಲು, ನಡಿಗೆ ಎನ್ನುವವರಿಗೆ 10,000 ಸಾಕು. ಗಂಟೆಗಟ್ಟಲೆ ಹೊರಗೇ ಇರುವ ಕೆಲಸವಾದರೆ 20,000ದ ಕಡೆ ನೋಡಿ. ಪಕ್ಕದಲ್ಲೇ ಗ್ರಾಂ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುವುದುಂಟು: ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಯಲ್ಲಿ ಎಷ್ಟು ಬೆವರಿನ ಆವಿ ಹೊರಹೋಗುತ್ತದೆ ಎಂಬುದು. ಪರೀಕ್ಷಿಸುವ ವಿಧಾನಗಳು ಬೇರೆ ಬೇರೆ ಇರುವುದರಿಂದ ಎರಡು ಕಂಪನಿಗಳ ಈ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ತೂಗಬೇಡಿ.

ನೀರು ತಡೆದು ಆವಿ ಬಿಡುವ ಈ ಬಟ್ಟೆಗಳ ಕಥೆ ಸ್ವಾರಸ್ಯವಾಗಿದೆ. 1969ರಲ್ಲಿ ರಾಬರ್ಟ್ ಗೋರ್ ಎಂಬಾತ, ಅಂಟದ ಬಾಣಲೆಗೆ ಲೇಪಿಸುವ ಅದೇ ವಸ್ತುವಿನ ಬಿಸಿ ಸರಳನ್ನು ಮೆಲ್ಲಗೆ ಎಳೆದೆಳೆದು ಸೋತು, ಕೊನೆಗೆ ರಪ್ಪನೆ ಜಗ್ಗಿದ. ಮುರಿಯುತ್ತದೆ ಎಂದುಕೊಂಡದ್ದು ಉದ್ದುದ್ದ ಹಿಗ್ಗಿತು. ಹಿಗ್ಗಿದ ಆ ವಸ್ತುವಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ನೀರಹನಿ ತೂರಲಾರದಷ್ಟು ಚಿಕ್ಕವು, ಆವಿ ನುಸುಳುವಷ್ಟು ದೊಡ್ಡವು. ಅದರ ತೆಳು ಪೊರೆಯೇ ಗೋರ್‌ಟೆಕ್ಸ್. ಇಂದು ಬೇರೆ ಕಂಪನಿಗಳ ಇಂಥದೇ ಪೊರೆಗಳೂ ಇವೆ, ಆ ಹೆಸರೇ ಬೇಕೆಂದಿಲ್ಲ.

ಬಟ್ಟೆ ಎಷ್ಟು ಗಟ್ಟಿಯಿದ್ದರೂ ಸೂಜಿ ಚುಚ್ಚಿದಲ್ಲೆಲ್ಲ ತೂತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ? ಹೆಗಲಿಗೆ ಬಿದ್ದ ನೀರೂ ಹೊಲಿಗೆ ಹುಡುಕಿಕೊಂಡು ಬಂದೇ ಬರುತ್ತದೆ. ಲೈನಿಂಗ್ ಬಿಚ್ಚಬಹುದಾದ ಜಾಕೆಟ್ಟಿನ ಲಾಭ ಅಂಗಡಿಯಲ್ಲೇ ಶುರುವಾಗುವುದು ಇಲ್ಲಿ. ಲೈನಿಂಗ್ ತೆಗೆಯಿರಿ, ಹೊರಪದರವನ್ನು ಒಳಮಗ್ಗುಲಿಗೆ ತಿರುಗಿಸಿ. ಹೊಲಿಗೆಗಳ ಉದ್ದಕ್ಕೂ ಬೆರಳಗಲದ ನಯವಾದ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ಹೆಗಲು, ಹುಡ್, ತೋಳು, ಪಕ್ಕೆ ಎಲ್ಲ ಕಡೆಯೂ ಇರಬೇಕು. ಕೆಲವರು ಹೆಗಲು ಮತ್ತು ಹುಡ್‌ಗೆ ಮಾತ್ರ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಹೊರಪದರಕ್ಕೇ ಒಂದು ತೆಳು ಅಸ್ತರು ಹೊಲಿದು ಮುಚ್ಚಿದ್ದರೆ ಲೇಬಲ್ಲಿನ ಮಾತನ್ನೇ ನಂಬಬೇಕಾಗುತ್ತದೆ.

ಬಿಚ್ಚಿದ ಲೈನಿಂಗನ್ನು ಅಂಗಡಿಯಲ್ಲಿ ನೀವೇ ಮತ್ತೆ ಕೂಡಿಸಿ, ಮಾರುವವರ ಕೈಗೆ ಕೊಡಬೇಡಿ. ಎರಡೂ ಬದಿಯ ಜಿಪ್ ಸರಾಗವಾಗಿ ಏರಬೇಕು. ಕತ್ತಿನ ಹಿಂದೆ ಒಂದು, ಎರಡೂ ತೋಳುಗಳ ತುದಿಯಲ್ಲಿ ಒಂದೊಂದು ಕುಣಿಕೆ ಅಥವಾ ಟಿಚ್ ಬಟನ್ ಇರಬೇಕು. ತೋಳಿನ ಕುಣಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ: ಜಾಕೆಟ್ ಕಳಚಿದಾಗ ಒಳತೋಳು ಕೈಯ ಜೊತೆಗೇ ಈಚೆ ಬರುತ್ತದೆ, ಮತ್ತೆ ತೊಡುವಾಗ ನಡುವೆ ಎಲ್ಲೋ ಗಂಟು ಬಿದ್ದು ಕೈ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ತೋಳಿಲ್ಲದ ಲೈನಿಂಗ್ ಕಡು ಚಳಿಗೆ ಸಾಲದು. ಜೇಬು, ಕಾಲರ್ ಎಲ್ಲ ಇದ್ದು, ಒಂಟಿಯಾಗಿ ತೊಟ್ಟರೂ ಚೆನ್ನಾಗಿ ಕಾಣುವಂಥದ್ದಾದರೆ ವಸಂತಕ್ಕೂ ಶರತ್ಕಾಲಕ್ಕೂ ಬೇರೆ ಜಾಕೆಟ್ ಬೇಡ.

ಲೈನಿಂಗಿನೊಳಗೆ ಏನಿರಬೇಕು? ‘ಡೌನ್’ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಗರಿಯಡಿಯ ನವಿರು ತುಪ್ಪುಳ. ತೂಕಕ್ಕೆ ಹೋಲಿಸಿದರೆ ಅದರಷ್ಟು ಬೆಚ್ಚನೆಯದು ಇನ್ನೊಂದಿಲ್ಲ, ಒದ್ದೆಯಾದರೆ ಅದರಷ್ಟು ನಿಷ್ಪ್ರಯೋಜಕವೂ ಇಲ್ಲ. ಕೃತಕ ನಾರು ತುಸು ಭಾರ, ಆದರೆ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ, ಬೇಗ ಆರುತ್ತದೆ. ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಕೃತಕ ಬಟ್ಟೆ, ಇನ್ನೂ ಸರಳ, ಆದರೆ ಒಂಟಿಯಾಗಿ ತೊಟ್ಟರೆ ಗಾಳಿ ತಡೆಯುವುದಿಲ್ಲ. ಸುಟ್ಟುಕೊಂಡವನ ಮಾತು ಎಂದು ಬೇಕಾದರೆ ರಿಯಾಯಿತಿ ಕೊಡಿ: ಮೊದಲ ಜಾಕೆಟ್ಟಿಗೆ ನಾನು ಹೇಳುವುದು ಕೃತಕ ನಾರು.

ಅಳತೆ ನೋಡುವಾಗ ಒಳಗೆ ದಪ್ಪ ಸ್ವೆಟರ್ ಇರಲಿ. ಎರಡೂ ಕೈ ಮೇಲೆತ್ತಿದಾಗ ಸೊಂಟ ಬಯಲಾಗಬಾರದು, ಮುಂಗೈ ಕಾಣಬಾರದು. ಹುಡ್ ಹಾಕಿ ಜಿಪ್ಪನ್ನು ಗದ್ದದವರೆಗೆ ಎಳೆದು, ರಸ್ತೆ ದಾಟುವವರಂತೆ ಅತ್ತಿತ್ತ ತಿರುಗಿ. ತಲೆ ತಿರುಗಿ ಹುಡ್ ಅಲ್ಲೇ ನಿಂತರೆ ಬರುವ ವಾಹನ ಕಾಣುವುದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ. ಉದ್ದ ಸೊಂಟದ ಕೆಳಗೆ ಬರಲಿ, ತಣ್ಣನೆಯ ಬೆಂಚಿನ ಮೇಲೆ ಕೂರುವವರು ನೀವೇ. ಉದ್ದದ ಜಾಕೆಟ್ಟಿಗೆ ಕೆಳಗಿನಿಂದಲೂ ತೆರೆಯುವ ಜಿಪ್ ಇದ್ದರೆ ಕೂರಲು ಸಲೀಸು. ಬಣ್ಣ ನಿಮ್ಮಿಷ್ಟ, ಕತ್ತಲಲ್ಲಿ ಹೊಳೆಯುವ ಪಟ್ಟಿಯಿದ್ದರೆ ಒಳ್ಳೆಯದು.

ಪುಟ್ಟ ಮಕ್ಕಳಿರುವವರು ಇದನ್ನು ತಪ್ಪದೆ ಗಮನಿಸಿ. ಕಾರಿನ ಮಕ್ಕಳ ಸೀಟಿನಲ್ಲಿ ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಬಿಗಿಯಬಾರದು. ಅಪಘಾತದಲ್ಲಿ ಜಾಕೆಟ್ಟಿನೊಳಗಿನ ಗಾಳಿಯೆಲ್ಲ ಅಮುಕಿ ಹೋಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಬಹುದು. ಜಾಕೆಟ್ ಕಳಚಿ, ತೆಳು ಬಟ್ಟೆಯ ಮೇಲೆ ಬೆಲ್ಟ್ ಬಿಗಿದು, ಆಮೇಲೆ ಜಾಕೆಟ್ಟನ್ನು ಹೊದಿಕೆಯಂತೆ ಮೇಲೆ ಹೊದಿಸಿ.

ದೊಡ್ಡವರಿಗೂ ಒಂದು ಮಾತು. ಬಸ್ಸು, ರೈಲು, ಅಂಗಡಿ ಎಲ್ಲದರ ಒಳಗೂ ಹೀಟರ್ ಉರಿಯುತ್ತಿರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಜಿಪ್ ತೆರೆಯಿರಿ. ಅಲ್ಲಿ ಬೆವತು ಹೊರಬಂದರೆ ಆ ಬೆವರೇ ಬೆನ್ನಿನ ಮೇಲೆ ತಣ್ಣೀರಾಗುತ್ತದೆ. ಒಳಗೆ ಹತ್ತಿಯ ಬನಿಯನ್ ಇದ್ದರೆ ಅದು ಬೆವರನ್ನು ಹೀರಿ ಬಿಡುವುದೇ ಇಲ್ಲ, ಉಣ್ಣೆಯ ಅಥವಾ ಕೃತಕ ನಾರಿನ ಥರ್ಮಲ್ ಲೇಸು.

ಒಂದೆರಡು ವರ್ಷದ ನಂತರ ಹೊರಬಟ್ಟೆಯ ಮೇಲೆ ನೀರು ಮಣಿಯಾಗಿ ಉರುಳದೆ ಕಪ್ಪಗೆ ಹರಡತೊಡಗಿದರೆ ಜಾಕೆಟ್ ಸತ್ತಿತು ಎಂದುಕೊಳ್ಳಬೇಡಿ. ಸವೆದಿರುವುದು ಮೇಲಿನ ಲೇಪನ ಮಾತ್ರ. ಸಾಫ್ಟ್‌ನರ್ ಹಾಕದೆ ಒಗೆದು, ಲೇಬಲ್ ಅನುಮತಿಸಿದರೆ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ತಿರುಗಿಸಿ. ಬಹಳಷ್ಟು ಸಲ ಲೇಪನ ಮತ್ತೆ ಜೀವ ಪಡೆಯುತ್ತದೆ, ಇಲ್ಲದಿದ್ದರೆ ಸಿಂಪಡಿಸುವ ದ್ರವ ಸಿಗುತ್ತದೆ. ಲೈನಿಂಗನ್ನು ಬೇರೆಯಾಗಿ ಒಗೆಯಿರಿ. ಅದು ಡೌನ್ ಆಗಿದ್ದರೆ ಡ್ರೈಯರ್‌ಗೆ ಎರಡು ಮೂರು ಟೆನಿಸ್ ಚೆಂಡುಗಳನ್ನೂ ಹಾಕಿ, ಮುದ್ದೆಯಾದ ಗರಿ ಬಡಿದು ಬಿಡಿಸಿಕೊಳ್ಳುತ್ತದೆ. ಈ ಕೆಲಸ ಹಗಲಲ್ಲೇ ಮುಗಿಸಿ. ರಾತ್ರಿ ಹತ್ತಕ್ಕೆ ಅವು ದಡಬಡ ಎನ್ನತೊಡಗಿದಾಗ ಕೆಳಗಿನ ಮನೆಯವರು ಬಂದು ನಮ್ಮ ಬಾಗಿಲು ಬಡಿದಿದ್ದರು.