ಆಗಸ್ಟ್‌ನಲ್ಲಿ ಬರುವ ಮಕ್ಕಳು

ಉಡುಪಿಯ ಮಲ್ಪೆ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ರಜೆ. ಕೊಪ್ಪಳ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ಆಗ ಊರಿಗೆ ಹೋಗುತ್ತಾರೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಆಗಸ್ಟ್‌ನಲ್ಲಿ ಮಕ್ಕಳು ವಾಪಸ್ ಬರುವಾಗ ಕೈಯಲ್ಲಿ ಟಿಸಿ ಇರುವುದಿಲ್ಲ.

ಅಂಥ ಒಬ್ಬ ಹುಡುಗಿಗಾಗಿಯೇ ನಾನು ಸಂಜೆ ಪಾಠ ಶುರು ಮಾಡಿದೆ. ಹತ್ತು ವರ್ಷ. ಅಮ್ಮ ಮೀನು ಆಯುವಾಗ ಇವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿರುತ್ತಿದ್ದಳು. ಶಾಲೆಗೆ ಕರೆದುಕೊಂಡು ಹೋದೆ. "ಟಿಸಿ ತನ್ನಿ, ಆಮೇಲೆ ನೋಡೋಣ" ಎಂದರು. ತುಂಬಾ ನೋವಾಯಿತು. ಮನೆಗೆ ಬಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಓದಿದೆ. ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 5ನೇ ಸೆಕ್ಷನ್‌ನಲ್ಲೇ ಇದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದೂ ಇದೆ. ಮರುದಿನ ಆ ಪುಟ ಹಿಡಿದುಕೊಂಡು ಹೋದೆ. ಜಗಳ ಮಾಡಲಿಲ್ಲ, ಓದಿ ತೋರಿಸಿದೆ. ಹೆಸರು ಬರೆದುಕೊಂಡರು.

ಹೆಸರು ಬಂದರೆ ಸಾಕಾಗೋದಿಲ್ಲ, ಅಲ್ವಾ? ಉಳಿದ ಮಕ್ಕಳ ಆಟವೆಲ್ಲ ತುಳುವಿನಲ್ಲಿ. ಇವಳು "ಹೌದ್ರಿ" ಅಂದರೆ ನಗುತ್ತಿದ್ದರು. ಕೊನೆಗೆ ಮಾತಾಡುವುದನ್ನೇ ಬಿಟ್ಟಳು.

ಒಂದು ಸಂಜೆ ಬಂದರಿನಿಂದ ನಾಲ್ಕು ಬಂಗುಡೆ ಮೀನು ತಂದೆ. ಇಲ್ಲಿನ ಮಕ್ಕಳನ್ನೂ ಕರೆದು, ಎಲ್ಲರ ಕೈಗೂ ಸ್ಕೇಲ್ ಕೊಟ್ಟೆ. ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ ಎಂದೆ. ಅಳೆದರು. ಒಂದು ಬರೀ 11 ಇತ್ತು. ಅದರ ಹೊಟ್ಟೆ ಕೊಯ್ದೆ. ಅವಳು ಬಗ್ಗಿ ನೋಡಿ, "ಇದ್ರಾಗ ತತ್ತಿನ ಇಲ್ರಿ" ಎಂದಳು. ಪಕ್ಕದಲ್ಲಿದ್ದ ಮಲ್ಪೆಯ ಹುಡುಗ ತಟ್ಟನೆ, "ನಾವೂ ತೆತ್ತಿ ಅಂತೇವೆ!" ಎಂದ. ಪುಸ್ತಕದಲ್ಲಿರುವುದು ಮೊಟ್ಟೆ. ಬೋರ್ಡಿನ ಮೇಲೆ ಮೂರೂ ಬರೆದೆ. ಈ ಮೀನಿಗೆ ಮೊಟ್ಟೆ ಇಡುವ ವಯಸ್ಸೇ ಆಗಿರಲಿಲ್ಲ, ಮಳೆಗಾಲದ ರಜೆ ಇರುವುದೂ ಮೀನು ಮೊಟ್ಟೆ ಇಟ್ಟು ಹೆಚ್ಚಲಿ ಎಂದೇ ಅಂತ ವಿವರಿಸಿದೆ. "ಅದಕ್ಕ ನಾವು ಊರಿಗೆ ಹೋಗೋದೇನ್ರಿ?" ಎಂದು ಕೇಳಿದಳು. ಅಷ್ಟು ದಿನದಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಆಮೇಲೆ ಅವಳಿಂದ ತತ್ತಿಯಂಥ ಪದ ಕೇಳಿ ಕಲಿಯಲು ಆ ಹುಡುಗ ದಿನಾ ಬರತೊಡಗಿದ.

ಈಗ ಮೇ ಕೊನೆಯ ವಾರ ಬಂದರಿಗೆ ಹೋಗುತ್ತೇನೆ. ಪ್ರತಿ ಮಗುವಿನ ಹೆಸರು, ತರಗತಿ, ಊರು, ಅಪ್ಪ-ಅಮ್ಮನ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಟಿಸಿ ಸಿಗುವ ಹಾಗಿದ್ದರೆ ಆಗಲೇ ತೆಗೆಸುತ್ತೇನೆ. ಬೋಟು ಕಡಲಿಗೆ ಇಳಿಯುತ್ತಲೇ ಆ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಹುಡುಕುತ್ತೇನೆ. ಯಾರು ಬಂದಿಲ್ಲವೋ ಅವರ ಮನೆಗೆ ಅದೇ ಸಂಜೆ ಫೋನ್ ಹೋಗುತ್ತದೆ.