ಹಿನ್ನೀರಿನ ದಂಡೆಯ ಹಳೇ ಮನೆಯನ್ನು ಮಳೆಗಾಲಕ್ಕೆ ಅಣಿ ಮಾಡುವುದು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಶರಾವತಿ ಹಿನ್ನೀರಿನ ದಂಡೆಯಲ್ಲಿ ನಮ್ಮದೊಂದು ಹೆಂಚಿನ ಮನೆ ಇದೆ. ನಮ್ಮ ಮಾವನ ಅಪ್ಪನ ಕಾಲದಲ್ಲಿ ಇಲ್ಲಿ ನೀರಿರಲಿಲ್ಲ. ಕೆಳಗೆ ಗದ್ದೆ, ಅದರಾಚೆ ಹೊಳೆ. ಗಾಡಿ ಹೊಡೆಯುವವರು ಅಂಗಳದಲ್ಲಿ ಎತ್ತು ಬಿಚ್ಚಿ, ಗಂಜಿ ಉಂಡು, ಜಗಲಿಯಲ್ಲೇ ಮಲಗಿ ಹೋಗುತ್ತಿದ್ದರಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ ಮುಳುಗಿತು, ಗಾಡಿ ರಸ್ತೆ ಮುಳುಗಿತು, ದಿಬ್ಬದ ಮೇಲಿದ್ದ ಮನೆ ಉಳಿಯಿತು. ಆ ರಸ್ತೆ ಈಗಲೂ ನಮ್ಮ ಅಂಗಳದಿಂದ ಹೊರಟು ಸೀದಾ ನೀರಿಗೆ ಇಳಿಯುತ್ತದೆ. ಜೋಗ, ಇಕ್ಕೇರಿ, ಕೆಳದಿ ನೋಡಲು ಬರುವವರಿಗೆ ನಾವೀಗ ನಾಲ್ಕು ಕೋಣೆ ಕೊಡುತ್ತೇವೆ.

ಇಂಥ ಮನೆ ಇರುವ ಹಲವರು ಹೋಂಸ್ಟೇ ಮಾಡಬೇಕು ಅಂತ ನನ್ನನ್ನು ಕೇಳುತ್ತಾರೆ. ಪೇಂಟು, ಟೈಲ್ಸು, ಫೋಟೋ ಎಲ್ಲ ಆಮೇಲೆ ಇರಲಿ. ಮೊದಲು ಒಂದು ಮಳೆಗಾಲ ದಾಟಿಸುವುದನ್ನು ಕಲಿಯಿರಿ. ನಮ್ಮ ಕಡೆಯ ಗೋಡೆ ಒದ್ದೆ ಆಗಿಯೇ ಆಗುತ್ತದೆ. ಅದಕ್ಕೆ ಮತ್ತೆ ಒಣಗಲು ದಾರಿ ಬಿಡಬೇಕು. ಮಾಡುವ ಕೆಲಸವೆಲ್ಲ ಇದಕ್ಕಾಗಿಯೇ.

ಯುಗಾದಿ ಕಳೆದ ಕೂಡಲೇ ಮಾಡು (ಹೆಂಚಿನ ಚಾವಣಿ) ಹತ್ತಿಸಿ. ತಡ ಮಾಡಿದರೆ ಹೆಂಚಿನ ಕೆಲಸದವರು ಸಿಗುವುದಿಲ್ಲ. ನಮ್ಮಲ್ಲಿಗೆ ಬರುವಾತ ಇಬ್ಬನಿ ಆರುವವರೆಗೂ ಚಾ ಕುಡಿಯುತ್ತ ಕೂರುತ್ತಾನೆ. "ಅಕ್ಕಾ, ಹೆಂಚು ಒದ್ದೆ ಇದ್ರೆ ನಾ ಕಾಲಿಡಲ್ಲ" ಅನ್ನುತ್ತಾನೆ. ಅವನು ಹೇಳುವುದು ಸರಿ. ಬರಿಗಾಲಲ್ಲಿ, ಕೆಳಗೆ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಇರುವ ಜಾಗ ನೋಡಿಕೊಂಡೇ ಹೆಜ್ಜೆ ಇಡಬೇಕು. ಹೆಂಚಿನ ನಡುವೆ ತುಳಿದರೆ ಅಲ್ಲೇ ಬಿರುಕು.

ಒಡೆದ ಹೆಂಚಿಗೆ ಬದಲಿ ಹಾಕುವ ಮುಂಚೆ ಹಳೆಯದನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಅಚ್ಚು ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬೇರೆ ಬೇರೆಯವರೂ ಅದೇ ಥರದ್ದು ಮಾಡಿದರು. ನೋಡಲು ಎಲ್ಲ ಒಂದೇ, ಆದರೆ ಒಂದರ ಅಂಚು ಇನ್ನೊಂದರೊಳಗೆ ಸರಿಯಾಗಿ ಕೂರುವುದಿಲ್ಲ. ಅಕ್ಕಿಕಾಳಿನಷ್ಟು ಸಂದಿ ಉಳಿದರೂ ಆರಿದ್ರಾ ಮಳೆಯ ಗಾಳಿಗೆ ನೀರು ಒಳಗೆ ನುಗ್ಗುತ್ತದೆ. ಸುತ್ತಮುತ್ತ ಯಾರಾದರೂ ಹಳೇ ಮನೆ ಕೆಡವಿದರೆ ಹೋಗಿ ಅಚ್ಚು ನೋಡಿ, ನಿಮ್ಮದೇ ಆದರೆ ತಂದು ಕೊಟ್ಟಿಗೆಯಲ್ಲಿ ಪೇರಿಸಿಡಿ. ಮಂಗಗಳ ಕಾಟಕ್ಕೆ ಎಷ್ಟಿದ್ದರೂ ಬೇಕು.

ಗೋಡೆ ವಿಷಯದಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಒಬ್ಬ ಮೇಸ್ತ್ರಿ ಮಾತು ಕೇಳಿ ನೀರಿನ ಕಡೆಯ ಮಣ್ಣಿನ ಗೋಡೆಗೆ ಹೊರಗಿಂದ ಸಿಮೆಂಟ್ ಗಾರೆ ಮಾಡಿಸಿದೆವು. ಮೊದಲ ವರ್ಷ ಚೆಂದ ಕಂಡಿತು. ಎರಡನೇ ಮಳೆಗಾಲಕ್ಕೆ ಬೆರಳಲ್ಲಿ ತಟ್ಟಿದರೆ ಡಬಡಬ ಅನ್ನುತ್ತಿತ್ತು. ಶ್ರಾವಣದಲ್ಲಿ ಒಂದು ದಿನ ಬಾಗಿಲಿನಷ್ಟು ಅಗಲದ ಚಕ್ಕೆ ಕಳಚಿ ಬಿತ್ತು. ಹಿಂದಿನ ಮಣ್ಣು ಕಲಸಿದ ರಾಗಿಹಿಟ್ಟಿನ ಹಾಗೆ ಮೆತ್ತಗಾಗಿತ್ತು. ನೆಲದಿಂದ ಮೇಲೇರಿದ ಪಸೆ ಸಿಮೆಂಟಿನ ಹಿಂದೆಯೇ ಸಿಕ್ಕಿಕೊಂಡಿತ್ತು. ಅದನ್ನು ನೋಡಿ ನಮ್ಮತ್ತೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಸುಣ್ಣವೇ ಸಾಕು. ಸುಟ್ಟ ಸುಣ್ಣದ ಕಲ್ಲನ್ನು ದೊಡ್ಡ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿ. ಆಗ ಅದು ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಹಾಕಿ. ಕೆಲವು ದಿನ ನೆನೆಯಲು ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಗೋಡೆಗೆ ನೀರು ಚಿಮುಕಿಸಿ ಆಮೇಲೆ ಬಳಿಯಿರಿ. ಹಸಿಯಲ್ಲಿ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬಿಳಿ ಏಳುತ್ತದೆ. ಕಾಣಲಿಲ್ಲ ಅಂತ ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ತೆಳ್ಳಗೆ ಮೂರು ಸಲ ಹೊಡೆಯಿರಿ. ಸುಣ್ಣ ಗಟ್ಟಿಯಾಗಲು ಗಾಳಿ ಮತ್ತು ಸಮಯ ಬೇಕು, ಹಾಗಾಗಿ ಮೇ ನಡುವಿನೊಳಗೆ ಮುಗಿಸಿ.

ಇರಚಲು ಬಡಿಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಪ್ಲಾಸ್ಟಿಕ್ ಶೀಟು ಅಗ್ಗ, ಆದರೆ ಗೋಡೆಗೆ ಅಂಟಿಕೊಂಡು ಬೆವರಿಸುತ್ತದೆ. ಸೋಗೆಯಾದರೆ ನೀರು ಜಾರುತ್ತದೆ, ಗಾಳಿಯೂ ಆಡುತ್ತದೆ. ತಟ್ಟಿಗೂ ಗೋಡೆಗೂ ಒಂದು ಗೇಣು ಜಾಗ ಇರಲಿ. ಬಂದವರು ಇದೇನು ಗುಡಿಸಲಿನ ಥರ ಅಂದರೆ ಕಾರಣ ಹೇಳಿ. ನಮ್ಮಲ್ಲಿ ಅದರ ಮುಂದೆ ನಿಂತೇ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ.

ಕಂಬ, ಕಿಟಕಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸವರಿ, ಒರಲೆ (ಗೆದ್ದಲು) ದೂರ ಇರುತ್ತದೆ. ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಗ್ಲೌಸ್ ಬೇಕೇ ಬೇಕು.

ಸೂರಿನಡಿ, ಚರಂಡಿಯಲ್ಲಿ ಬಿದ್ದ ದರಗು (ಒಣ ಎಲೆ) ಗುಡಿಸುವಾಗ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಮಂಗನ ಕಾಯಿಲೆ ಮೊದಲು ಕಂಡಿದ್ದೇ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಬೇಸಿಗೆಯ ಒಣ ದರಗಿನಲ್ಲಿ ಇರುತ್ತವೆ. ಕೆಲಸ ಮುಗಿದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೇ.

ನೀರಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೇ ಕೊನೆಯಲ್ಲಿ ಹಿನ್ನೀರು ಕೆಳಗಿಳಿದು ಹಳೇ ಮರದ ಬೊಡ್ಡೆ, ಗಾಡಿ ರಸ್ತೆಯ ಕಲ್ಲು ಎಲ್ಲ ಕಾಣುತ್ತವೆ. ಬಂದವರಿಗೆ ನಡೆದುಹೋಗುವ ಆಸೆ ಆಗುತ್ತದೆ. ಮೇಲೆ ಒಣಗಿದಂತೆ ಕಂಡ ಕೆಸರು ಒಳಗೆ ಮೊಣಕಾಲು ನುಂಗುತ್ತದೆ. ಜುಲೈನಲ್ಲಿ ನೀರು ಏರಿದ ಮೇಲೆ ಅವೇ ಬೊಡ್ಡೆ ಕಾಣದೆ ಕೆಳಗಿರುತ್ತವೆ. ಈಜಲು ಬಿಡಲೇಬೇಡಿ, ಎಷ್ಟೇ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ನಮ್ಮಲ್ಲಿ ಕೀಲಿ ಕೊಡುವಾಗಲೇ ಹೇಳುತ್ತೇವೆ. ಕಲ್ಲು ಮೆಟ್ಟಿಲ ಹಾವಸೆಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಜಗಲಿಯಲ್ಲಿ ಒಂದು ಕರಟದಲ್ಲಿ ಉಪ್ಪು ಇಟ್ಟಿರಿ, ಉಂಬಳ (ಜಿಗಣೆ) ಹತ್ತಿದವರಿಗೆ ಸಿಗಲಿ.

ಹಾಸಿಗೆ ಬೂಸ್ಟು ಹಿಡಿಯದಿರಲು ಖಾಲಿ ಕೋಣೆಯ ಕಿಟಕಿಯನ್ನೂ ಮಳೆ ಹೊಳವಾದಾಗ ತೆಗೆದಿಡಿ. ಬಚ್ಚಲ ಹಂಡೆ ಒಲೆ ದಿನವೂ ಉರಿಯಲಿ. ಅದರ ಬಿಸಿಗೆ ಮೇಲಿನ ಹಗ್ಗದಲ್ಲಿ ಹೊದಿಕೆ ಒಣಗುತ್ತದೆ. ಹೊಗೆ ವಾಸನೆ ಬಗ್ಗೆ ದೂರಿದವರು ಕಡಿಮೆ.

ಮೊದಲ ದೊಡ್ಡ ಮಳೆ ಬಂದ ರಾತ್ರಿ ಯಾರಿಗೂ ಕೋಣೆ ಕೊಡಬೇಡಿ. ಅದಕ್ಕೇ ಜೂನ್ ಮೊದಲ ಎರಡು ವಾರ ನಾವು ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಟಾರ್ಚ್ ಹಿಡಿದು ಅಟ್ಟ ಹತ್ತಿ, ಸುಮ್ನೆ ಸ್ವಲ್ಪ ಹೊತ್ತು ನಿಂತು ಕೇಳಿ. ಟಪ್ ಟಪ್ ಅಂತ ಬೀಳುವ ಜಾಗದಲ್ಲೇ ಸೋರುತ್ತಿದೆ ಅಂದುಕೊಳ್ಳಬೇಡಿ. ನೀರು ಪಕಾಸಿ (ಮಾಡಿನ ಇಳಿಜಾರು ಮರ) ಹಿಡಿದು ಮೊಳಗಟ್ಟಲೆ ಕೆಳಗೆ ಬಂದಿರುತ್ತದೆ. ಹನಿಯಿಂದ ಮೇಲಕ್ಕೆ ಟಾರ್ಚ್ ಬಿಡುತ್ತ ಹೋಗಿ. ಮರ ಎಲ್ಲಿಂದ ಮಿನುಗಲು ಶುರುವಾಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಕೆಳಗೊಂದು ಬಕೆಟ್ ಇಡಿ. ಬೆಳಿಗ್ಗೆ ಹೊಳವಾದಾಗ ಒಳಗಿನಿಂದಲೇ ಆ ಹೆಂಚನ್ನು ಒಂದು ಬೆರಳು ಮೇಲೆತ್ತಿ ಸರಿಸಿ ಕೂರಿಸಿದರೆ ಆಯಿತು. ಮಾಡು ಹತ್ತುವ ಅಗತ್ಯವಿಲ್ಲ.